ಹೆಬ್ಬಾಳದವರು ಎಣಿಸಿದ ಪಾಚಿ, ಎಣಿಸದ ಪಾಚಿ

1983ರ ಏಪ್ರಿಲ್. ಮಂಗಳೂರಿನಿಂದ ಕಾಸರಗೋಡಿಗೆ ಹೋಗುವ ದಾರಿಯಲ್ಲಿ ಸಿಗುವ ಕುಂಬಳೆಯ ಅಳಿವೆ. ಇಳಿತದ ಹೊತ್ತಿಗೆ ಮೊಣಕಾಲುದ್ದ ನೀರಿಗಿಳಿದು ಮರಳು ಕೆದಕಿದರೆ ಮರುವಾಯಿ ಸಿಗುತ್ತದೆ. ಚಿಪ್ಪು ತೊಳೆದು, ಬೇಯಿಸಿ, ತೆಂಗಿನಕಾಯಿ ಅರೆದು ಹಾಕಿದರೆ ಗಂಜಿಗೆ ಅದಕ್ಕಿಂತ ಒಳ್ಳೆಯ ಜೊತೆ ಬೇರೆ ಇಲ್ಲ ಎನ್ನುವವರು ಆ ಕಡೆ ಈಗಲೂ ಇದ್ದಾರೆ. ಆ ತಿಂಗಳು ಕುಂಬಳೆ ಪಕ್ಕದ ಆರಿಕ್ಕಾಡಿಯಲ್ಲಿ ಮರುವಾಯಿ ತಿಂದವರು ಆಸ್ಪತ್ರೆ ಸೇರಿದರು. ಹೊಟ್ಟೆ ಕೆಟ್ಟದ್ದಾಗಿದ್ದರೆ ಯಾರೂ ಅಷ್ಟು ಗಾಬರಿಪಡುತ್ತಿರಲಿಲ್ಲ. ಮರುವಾಯಿಯಲ್ಲಿ ಸೇರಿದ್ದ ಈ ವಿಷ ಏರಿದಾಗ ಮೊದಲು ತುಟಿ ಜುಮ್ಮೆನ್ನುತ್ತದೆ, ಆಮೇಲೆ ಬೆರಳ ತುದಿ ಮರಗಟ್ಟುತ್ತದೆ, ಮಾತು ತೊದಲುತ್ತದೆ. ಪ್ರಮಾಣ ಹೆಚ್ಚಿದ್ದರೆ ಉಸಿರಾಟದ ಸ್ನಾಯುಗಳೇ ಸೋತು ನಿಲ್ಲುತ್ತವೆ. ಬೇಯಿಸಿದರೆ ಹೋಗುವ ವಿಷವಲ್ಲ, ಇಳಿಸುವ ಮದ್ದೂ ಇಲ್ಲ. ಆರಿಕ್ಕಾಡಿಯಲ್ಲಿ ಒಂದು ಜೀವ ಹೋಯಿತು.

ಕಾರಣ ಹುಡುಕಲು ಅಳಿವೆಗೆ ಇಳಿದವರು ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಅಧ್ಯಾಪಕರು. ಇಡ್ಯಾ ಕರುಣಾಸಾಗರ್, ಇಂದ್ರಾಣಿ ಕರುಣಾಸಾಗರ್ ಮತ್ತು ಅವರ ಸಂಗಡಿಗರು ಬರೆದ ವರದಿ 1984ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಅಚ್ಚಾಯಿತು. ಪಾರ್ಶ್ವವಾಯು ತರುವ ಚಿಪ್ಪುಮೀನಿನ ವಿಷ ನಮ್ಮ ಪಶ್ಚಿಮ ಕರಾವಳಿಯಲ್ಲೂ ಇದೆ ಎಂದು ದಾಖಲೆ ಸಮೇತ ಹೇಳಿದ ಬರಹ ಅದು.

ಈಗ ಈ ಕಥೆಗೂ ಬೆಂಗಳೂರಿನ ಉತ್ತರ ದಿಕ್ಕಿಗೂ ಇರುವ ನಂಟು ನೋಡಿ. ಆಗ ಮಂಗಳೂರಿನ ಆ ಕಾಲೇಜು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಅಂಗ. ಆ ವಿಶ್ವವಿದ್ಯಾಲಯದ ಆಡಳಿತದ ಮನೆ ಇದ್ದದ್ದು ಹೆಬ್ಬಾಳ ದಾಟಿ ಯಲಹಂಕಕ್ಕೆ ಹೋಗುವ ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿ. ವರದಿ ಅಚ್ಚಾದ ಪತ್ರಿಕೆ ಹೊರಡುತ್ತಿದ್ದುದು ಸದಾಶಿವನಗರದ ಸಿ.ವಿ. ರಾಮನ್ ಅವೆನ್ಯೂದಿಂದ. ಕಡಲು ಮುನ್ನೂರೈವತ್ತು ಕಿಲೋಮೀಟರ್ ಆಚೆ ಇದ್ದರೂ ಕಡಲ ಪಾಚಿಯ ಕಡತ ಹೆಬ್ಬಾಳದ ಸುತ್ತಲೇ ಓಡಾಡಿತು. ಮೂಗಿನ ಕೆಳಗೆ ಹಸಿರುಗಟ್ಟುತ್ತಿದ್ದ ಹೆಬ್ಬಾಳ ಕೆರೆಗೆ ಮಾತ್ರ ಅಂಥ ಕಡತ ಬಹಳ ಕಾಲ ತೆರೆಯಲೇ ಇಲ್ಲ. ವಿಶ್ವವಿದ್ಯಾಲಯ ಅರವತ್ತು ದಾಟಿರುವ ಹೊತ್ತಿನಲ್ಲಿ ಈ ಎರಡೂ ಪಾಚಿಗಳ ಕಥೆಯನ್ನು ಒಟ್ಟಿಗೆ ಹೇಳಿದರೆ ತಪ್ಪಾಗಲಾರದು.

ಹೆಬ್ಬಾಳಕ್ಕೆ ವಿಜ್ಞಾನ ಬಂದದ್ದು ಹೊಲದ ಮೂಲಕ. 1899ರಲ್ಲಿ ರಾಜಮಾತೆ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ ಕೊಟ್ಟ 30 ಎಕರೆಯಲ್ಲಿ ಪ್ರಯೋಗದ ತೋಟ ಶುರುವಾಯಿತು. ಮೊದಲು ಲೆಹ್ಮನ್, ಆಮೇಲೆ ಕೆನಡಾದ ಲೆಸ್ಲಿ ಕೋಲ್‌ಮನ್ ಅಲ್ಲಿ ಮಣ್ಣು, ಹುಳು, ರೋಗಗಳ ಬೆನ್ನು ಹತ್ತಿದರು. 1913ರಲ್ಲಿ ಕೃಷಿ ಶಾಲೆ, 1946ರಲ್ಲಿ ಕೃಷಿ ಕಾಲೇಜು, 1958ರಲ್ಲಿ ಪಶುವೈದ್ಯ ಕಾಲೇಜು. 1964ರ ಆಗಸ್ಟ್ 21ರಂದು ಉಪರಾಷ್ಟ್ರಪತಿ ಜಾಕಿರ್ ಹುಸೇನ್ ಅವರು ವಿಶ್ವವಿದ್ಯಾಲಯವನ್ನು ಉದ್ಘಾಟಿಸಿದರು. ಕೆ.ಸಿ. ನಾಯಕ್ ಮೊದಲ ಕುಲಪತಿ. ಐದು ವರ್ಷ ಕಳೆದು, 1969ರಲ್ಲಿ, ಬಯಲುಸೀಮೆಯ ಈ ಸಂಸ್ಥೆ ಒಂದು ವಿಚಿತ್ರ ಧೈರ್ಯ ಮಾಡಿತು. ರಾಗಿ, ಭತ್ತ, ಎಮ್ಮೆ, ಹಸುಗಳ ಜೊತೆಗೆ ಮೀನನ್ನೂ ತನ್ನ ಪಠ್ಯಕ್ಕೆ ಸೇರಿಸಿಕೊಂಡು ಮಂಗಳೂರಿನಲ್ಲಿ ಮೀನುಗಾರಿಕೆ ಕಾಲೇಜು ತೆರೆಯಿತು. ದೇಶದಲ್ಲಿ ಆ ಬಗೆಯ ಕಾಲೇಜು ಅದೇ ಮೊದಲು. ಮೀನು ಹಿಡಿಯುವುದಕ್ಕೂ ಪದವಿ ಬೇಕೇ ಎಂದು ನಕ್ಕವರು ಆಗ ಇದ್ದಿರಲೇಬೇಕು. ಹದಿನಾಲ್ಕು ವರ್ಷದ ಮೇಲೆ ಕುಂಬಳೆಯಲ್ಲಿ ಮರುವಾಯಿ ತಿಂದವರು ಮಲಗಿದಾಗ, ಹೋಗಿ ನೋಡಬಲ್ಲ ಜನ ಹತ್ತಿರದಲ್ಲೇ ಇದ್ದರು ಎಂಬುದು ಆ ನಗುವಿಗೆ ಸಿಕ್ಕ ಉತ್ತರ.

ಅವರು ಮಾಡಿದ ಕೆಲಸದ ಬಗೆ ಒಂದಿಷ್ಟು ಹತ್ತಿರದಿಂದ ನೋಡುವಂಥದ್ದು. ಮರುವಾಯಿ ತಾನು ವಿಷ ತಯಾರಿಸುವುದಿಲ್ಲ. ದಿನವಿಡೀ ನೀರು ಹೀರಿ ಸೋಸಿ ಬಿಡುತ್ತದೆ. ನೀರಿನಲ್ಲಿ ಡೈನೊಫ್ಲಾಜೆಲೇಟ್ ಎಂಬ ಎರಡು ಬಾಲದ ಏಕಕೋಶ ಪಾಚಿ ಹೆಚ್ಚಾಗಿದ್ದರೆ ಅದರ ವಿಷ ಮರುವಾಯಿಯ ಮಾಂಸದಲ್ಲಿ ಕೂಡಿಕೊಳ್ಳುತ್ತದೆ, ಮರುವಾಯಿಗೇನೂ ಆಗುವುದಿಲ್ಲ. ಪರೀಕ್ಷೆಗೆ ಮಾಂಸ ಅರೆದು, ತೆಳು ಆಮ್ಲದಲ್ಲಿ ಕುದಿಸಿ, ಆರಿಸಿ, ಸೋಸಿ ಒಂದು ಮಿಲಿಲೀಟರ್ ರಸವನ್ನು 20 ಗ್ರಾಂ ಆಸುಪಾಸಿನ ಬಿಳಿ ಇಲಿಯ ಹೊಟ್ಟೆಗೆ ಚುಚ್ಚುತ್ತಾರೆ. ಸ್ಟಾಪ್‌ವಾಚ್ ಒತ್ತುತ್ತಾರೆ. ಇಲಿ ಸಾಯುವುದಕ್ಕೆ ಎಷ್ಟು ನಿಮಿಷ, ಎಷ್ಟು ಸೆಕೆಂಡು ಹಿಡಿಯಿತು ಎಂಬುದರಿಂದ ವಿಷದ ಅಳತೆ ತೆಗೆಯುತ್ತಾರೆ. 15 ನಿಮಿಷಕ್ಕೆ ಒಂದು ಇಲಿಯನ್ನು ಕೊಲ್ಲುವ ವಿಷಕ್ಕೆ ಒಂದು ‘ಇಲಿ ಮಾನ’. ನೂರು ಗ್ರಾಂ ಮಾಂಸದಲ್ಲಿ 80 ಮೈಕ್ರೋಗ್ರಾಂ ಮೀರಿದರೆ ಆ ಚಿಪ್ಪುಮೀನು ಮಾರಬಾರದು ಎಂಬುದು ಲೋಕವೆಲ್ಲ ಒಪ್ಪಿದ ಗೆರೆ. ಕ್ರೂರ ವಿಧಾನ, ನಿಜ. ಉಪಕರಣಗಳಿಲ್ಲದ ಕಾಲದಲ್ಲಿ ಇಲಿಯೇ ಉಪಕರಣ.

ಒಂದು ಸಾವಿನ ಮೇಲೆ ಒಂದು ಪ್ರಬಂಧ ಬರೆದು ಮುಗಿಸಿಬಿಡುವುದು ನಮ್ಮಲ್ಲಿ ಅಪರೂಪವೇನಲ್ಲ. ಮಂಗಳೂರಿನವರು ಹಾಗೆ ಮಾಡಲಿಲ್ಲ. ಕರ್ನಾಟಕದ ಕರಾವಳಿಯ ಚಿಪ್ಪುಮೀನಿನ ತಾಣಗಳಿಂದ ಮಾದರಿ ತರುವುದು, ನೀರಿನಲ್ಲಿ ಯಾವ ಪಾಚಿ ಎಷ್ಟಿದೆ ಎಂದು ನೋಡುವುದು ಮುಂದುವರಿಯಿತು. 1987ರ ಡಿಸೆಂಬರಿನಲ್ಲಿ ಮಂಗಳೂರಿನಲ್ಲೇ ನಡೆದ ಮೊದಲ ಭಾರತೀಯ ಮೀನುಗಾರಿಕೆ ಸಮಾವೇಶದಲ್ಲಿ ಅದರ ಫಲಿತಾಂಶ ಮಂಡನೆಯಾಯಿತು. ತೊಂಬತ್ತರ ದಶಕದಲ್ಲಿ ಸ್ವೀಡನ್ನಿನ ಅನ್ನಾ ಗೋಡೆ ಜೊತೆಗೂಡಿದರು. ಜಿಮ್ನೋಡಿನಿಯಂ ಕ್ಯಾಟಿನೇಟಂ ಎಂಬ, ಸರಪಳಿಯಂತೆ ಜೋಡಿಕೊಂಡು ಈಜುವ ವಿಷಪಾಚಿ ಪಶ್ಚಿಮ ಕರಾವಳಿಯಲ್ಲಿ ಇದೆಯೆಂದು 1996ರಲ್ಲಿ ವರದಿಯಾದದ್ದು ಈ ಗುಂಪಿನಿಂದ. ಆಮೇಲೆ ಅವರು ಕಡಲ ತಳದ ಕೆಸರನ್ನೂ ತೆಗೆದು ನೋಡಿದರು. ಕಾಲ ಸರಿಯಿಲ್ಲದಾಗ ಈ ಪಾಚಿಗಳು ಗಟ್ಟಿ ಸಿಪ್ಪೆ ಹೊದ್ದು ಕೆಸರಿನಲ್ಲಿ ಮಲಗಿಬಿಡುತ್ತವೆ, ಬೀಜದ ಕಣಜದ ಹಾಗೆ. ಮೇಲಿನ ನೀರು ತಿಳಿಯಾಗಿ ಕಂಡರೂ ಕೆಳಗೆ ಮುಂದಿನ ಬೆಳೆಯ ಬಿತ್ತನೆ ಬಿದ್ದಿರುತ್ತದೆ.

ಇಷ್ಟರಲ್ಲಿ ದೇಶದ ಮಟ್ಟದಲ್ಲೂ ಗಾಳಿ ಬದಲಾಗಿತ್ತು. 1981ರಲ್ಲಿ ಕೇಂದ್ರ ಸರ್ಕಾರ ಸಾಗರ ಅಭಿವೃದ್ಧಿ ಇಲಾಖೆ ತೆರೆದಿತ್ತು. ಅದೇ ವರ್ಷ ತಮಿಳುನಾಡಿನ ವಯಲೂರಿನಲ್ಲಿ ಚಿಪ್ಪುಮೀನಿನ ವಿಷದ ಪ್ರಕರಣ ನಡೆದಿತ್ತು. 1984ರಲ್ಲಿ ‘ಸಾಗರ ಸಂಪದ’ ಎಂಬ ಸಂಶೋಧನಾ ಹಡಗು ಬಂತು. 1992ರಲ್ಲಿ ಯುನೆಸ್ಕೋದ ಅಂತರಸರ್ಕಾರಿ ಸಾಗರ ಆಯೋಗ ಹಾನಿಕರ ಪಾಚಿಗೆಂದೇ ಒಂದು ಅಂತರಸರ್ಕಾರಿ ಮಂಡಳಿ ಕೂಡಿಸಿತು. ಮರುವರ್ಷ ಅಮೆರಿಕ ತನ್ನ ಮೊದಲ ರಾಷ್ಟ್ರೀಯ ಯೋಜನೆ ಬರೆಯಿತು. ನಮಗೆ ಎಚ್ಚರವಾದದ್ದು, ಎಂದಿನಂತೆ, ಪೆಟ್ಟು ತಿಂದ ಮೇಲೆ. 1997ರ ಸೆಪ್ಟೆಂಬರಿನಲ್ಲಿ ಕೇರಳದ ವಿಳಿಂಜಂನಲ್ಲಿ ಕಲ್ಲಿಗಂಟುವ ಚಿಪ್ಪುಮೀನು ತಿಂದು 7 ಮಂದಿ ಸತ್ತರು, ಐನೂರರ ಮೇಲೆ ಜನ ಆಸ್ಪತ್ರೆ ಸೇರಿದರು. ವಿಷದ ಗುರುತು ಹಿಡಿದು ವರದಿ ಬರೆದದ್ದು ಮತ್ತೆ ಮಂಗಳೂರಿನ ಕರುಣಾಸಾಗರ್ ಗುಂಪು.

ಅಲ್ಲಿಂದ ಮುಂದೆ ಕಡಲ ಪಾಚಿಗೆ ಒಂದು ವ್ಯವಸ್ಥೆ ಎನ್ನುವುದು ಮೂಡಿತು. ಕೊಚ್ಚಿಯ ಸಮುದ್ರ ಜೀವಿ ಸಂಪನ್ಮೂಲ ಕೇಂದ್ರ ‘ಸಾಗರ ಸಂಪದ’ದಲ್ಲಿ ಹೋಗಿ ದೇಶದ ಕಡಲ ಎಲ್ಲೆಯೊಳಗೆ ಪಾಚಿ ಹೊಮ್ಮುವುದನ್ನು ದಾಖಲಿಸಿತು. 1999ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಸಾಗರ ಮಾಹಿತಿ ಕೇಂದ್ರ, ಜನರ ಬಾಯಲ್ಲಿ ಇಂಕಾಯಿಸ್, ಈಗ ಪಾಚಿಯ ಬಗ್ಗೆ ಮಾಹಿತಿ ಸೇವೆಯನ್ನೇ ನಡೆಸುತ್ತದೆ. ಈಶಾನ್ಯ ಅರಬ್ಬೀ ಸಮುದ್ರ, ಕೇರಳದ ಕರಾವಳಿ, ಮನ್ನಾರ್ ಕೊಲ್ಲಿ, ಒಡಿಶಾದ ಗೋಪಾಲಪುರ ಈ ನಾಲ್ಕು ಕಡೆ ಅದರ ಕಣ್ಣು ಹೆಚ್ಚು. ಕುಂಬಳೆಗೆ ಕೇರಳದ ಲೆಕ್ಕದಲ್ಲಿ ಜಾಗ ಸಿಕ್ಕಿತು, ಕರ್ನಾಟಕದ ಕರಾವಳಿ ಪಟ್ಟಿಯಲ್ಲಿಲ್ಲ. 2020ರ ನವೆಂಬರಿನಲ್ಲಿ ನಮ್ಮ ಕರಾವಳಿಯ ಅಲೆಗಳು ರಾತ್ರಿ ನೀಲಿಯಾಗಿ ಹೊಳೆದು, ಜನ ಮಕ್ಕಳುಮರಿ ಕಟ್ಟಿಕೊಂಡು ನೋಡಲು ಹೋದರಲ್ಲ, ಅದೂ ನಾಕ್ಟಿಲೂಕ ಎಂಬ ಪಾಚಿಜಾತಿಯ ಜೀವಿಯ ಹೊಮ್ಮುವಿಕೆಯೇ. ಮೊಬೈಲ್‌ಗೆ ಚಂದ, ಮೀನಿಗೆ ಅಷ್ಟು ಚಂದವಲ್ಲ.

ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಸಂಶೋಧಕರು 2012ರಲ್ಲಿ ಹಳೆಯ ಬರಹಗಳನ್ನೆಲ್ಲ ಜಾಲಾಡಿ, 1908ರಿಂದ 2009ರವರೆಗೆ ಭಾರತದ ಕರಾವಳಿಯಲ್ಲಿ 101 ಸಲ ಪಾಚಿ ಹೊಮ್ಮಿದ ದಾಖಲೆ ಕಲೆಹಾಕಿದರು. ಪಟ್ಟಿ ಶುರುವಾಗುವುದು ಜೇಮ್ಸ್ ಹಾರ್ನೆಲ್ ಎಂಬ ಮೀನುಗಾರಿಕೆ ಅಧಿಕಾರಿ ಮಲಬಾರ್ ಕರಾವಳಿಯಲ್ಲಿ ಮೀನು ಸತ್ತು ತೇಲಿದ್ದನ್ನು ಬರೆದಿಟ್ಟಲ್ಲಿಂದ. ಆಗ ದಕ್ಷಿಣ ಕನ್ನಡವೂ ಹಾರ್ನೆಲ್ ಕೆಲಸ ಮಾಡಿದ ಅದೇ ಮದ್ರಾಸ್ ಪ್ರಾಂತ್ಯದಲ್ಲಿತ್ತು. ನೂರು ವರ್ಷಕ್ಕೆ ನೂರೊಂದು. ನಿಜವಾಗಿ ಹೊಮ್ಮಿದ್ದು ಎಷ್ಟು ಪಟ್ಟು ಹೆಚ್ಚೋ, ಆದರೂ ಪಟ್ಟಿಯೆಂಬುದು ಒಂದಿದೆ.

ಬೆಂಗಳೂರಿನ ಕೆರೆಗಳಿಗೆ ಅಂಥ ಪಟ್ಟಿಯೇ ಇಲ್ಲ.

ಹಾಗೆಂದು ಇಲ್ಲಿ ನೋಡುವವರಿರಲಿಲ್ಲ ಎಂದಲ್ಲ. ಹೆಬ್ಬಾಳ, ನಾಗವಾರ, ಜಕ್ಕೂರು, ರಾಚೇನಹಳ್ಳಿ, ಅಮೃತಹಳ್ಳಿ, ಯಲಹಂಕ ಕೆರೆಗಳಿಗೆ ಒಂದು ಕಾಲಕ್ಕೆ ನೀರುಗಂಟಿಗಳಿದ್ದರು. ತೂಬು ಎತ್ತುವುದು, ಇಳಿಸುವುದು, ಕೋಡಿ ನೋಡುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸುವುದು ಅವರ ಪಾಲಿನದು. ನೀರಿನ ಬಣ್ಣ ಬದಲಾದರೆ ಊರಿಗೆ ಮೊದಲು ಹೇಳುವವರೂ ಅವರೇ. ಗದ್ದೆಗಳು ಬಡಾವಣೆಗಳಾದವು. ಆರ್.ಟಿ. ನಗರ, ಸಹಕಾರನಗರ, ಅಮೃತಹಳ್ಳಿಗಳಲ್ಲಿ ನೀರು ಬೇಕಾದ ಬೆಳೆಯೇ ಉಳಿಯಲಿಲ್ಲ. ತೂಬು ತುಕ್ಕು ಹಿಡಿಯಿತು, ನೀರುಗಂಟಿಯ ಕೆಲಸ ಹೋಯಿತು. ರಾಜಕಾಲುವೆಯಲ್ಲಿ ಮಳೆನೀರಿನ ಜಾಗಕ್ಕೆ ಮೋರಿನೀರು ಬಂತು. ಅದರ ಜೊತೆ ಸೋಪಿನ ಪುಡಿಯ, ಮಲಮೂತ್ರದ ರಂಜಕ ಮತ್ತು ಸಾರಜನಕ. ಹೊಲಕ್ಕೆ ಚೀಲ ಲೆಕ್ಕದಲ್ಲಿ ಹಾಕುವ ಗೊಬ್ಬರ ಇವೇ ಎರಡು. ಕೆರೆಗೆ ಬಿದ್ದರೆ ಬೆಳೆಯುವ ಬೆಳೆ ಪಾಚಿ.

ಆ ಬೆಳೆಯಲ್ಲಿ ಮೈಕ್ರೋಸಿಸ್ಟಿಸ್ ಎಂಬ ನೀಲಿ-ಹಸಿರು ಪಾಚಿ ಮುಖ್ಯವಾದದ್ದು. ಮಾರ್ಚ್‌ನಿಂದ ಮೇ ತನಕ, ಗಾಳಿ ಕಡಿಮೆ ಇದ್ದು ನೀರು ಬೆಚ್ಚಗಿರುವಾಗ, ಕೆರೆ ಹಸಿರುಗಟ್ಟಿತು ಎಂದು ಜನ ಹೇಳುವುದು ಬಹುಮಟ್ಟಿಗೆ ಇದನ್ನೇ ನೋಡಿ. ಅದರ ಜೀವಕೋಶದೊಳಗೆ ಗಾಳಿಯ ಸಣ್ಣ ಸಣ್ಣ ಕೊಳವೆಗಳಿವೆ. ಬಿಸಿಲು ಬೇಕಾದಾಗ ತೇಲುತ್ತದೆ, ಹೊಟ್ಟೆ ತುಂಬಿ ಭಾರವಾದಾಗ ಮುಳುಗುತ್ತದೆ. ಬೆಳಗಿನ ಹೊತ್ತು ಏರಿಯ ಕಡೆಗೆ ಗಾಳಿ ಬೀಸಿದರೆ ಬಣ್ಣದ ಡಬ್ಬಿ ಚೆಲ್ಲಿದ ಹಾಗೆ ಅಂಚಿನಲ್ಲಿ ಕೆನೆಗಟ್ಟಿರುತ್ತದೆ. ಕಡ್ಡಿಯಿಂದ ಸರಿಸಿದರೆ ಮತ್ತೆ ಕೂಡಿಕೊಳ್ಳುತ್ತದೆ. ಅದರ ಕೆಲವು ತಳಿಗಳು ಮೈಕ್ರೋಸಿಸ್ಟಿನ್ ಎಂಬ ವಿಷ ತಯಾರಿಸುತ್ತವೆ, ಯಕೃತ್ತಿಗೆ ನೇರ ಪೆಟ್ಟು ಕೊಡುವಂಥದು. ಕುದಿಸಿದರೂ ಹೋಗದು. ವಿಷದ ತಳಿ ಯಾವುದು, ಸಾಧು ತಳಿ ಯಾವುದು ಎಂದು ಬಣ್ಣ ನೋಡಿ ಹೇಳಲಾಗದು. ತಮಾಷೆಯೆಂದರೆ ಇದೇ ನೀಲಿ-ಹಸಿರು ಪಾಚಿಗಳ ಬಳಗ ಕೃಷಿಕರಿಗೆ ಹಳೆಯ ಗೆಳೆಯ. ಜಿಕೆವಿಕೆಯ ಕೃಷಿಮೇಳಕ್ಕೆ ಹೋದವರು ಕೊಂಡು ತರುವ ಅಜೋಲ್ಲಾದ ಎಲೆಯೊಳಗೆ ಕೂತು ಗಾಳಿಯ ಸಾರಜನಕ ಹಿಡಿದುಕೊಡುವ ಅನಬೀನಾ ಇದರ ದಾಯಾದಿ.

ದನಕರುಗಳಿಗೆ ನೀಲಿ-ಹಸಿರು ಪಾಚಿಯ ವಿಷ ಹೊಸದಲ್ಲ. 1878ರಲ್ಲಿ ಆಸ್ಟ್ರೇಲಿಯಾದ ಅಲೆಕ್ಸಾಂಡ್ರಿನಾ ಕೆರೆಯ ಹಸಿರು ಕೆನೆ ಕುಡಿದು ಕುರಿ, ಕುದುರೆ, ಹಂದಿ, ನಾಯಿ ಸತ್ತದ್ದನ್ನು ಜಾರ್ಜ್ ಫ್ರಾನ್ಸಿಸ್ ‘ನೇಚರ್’ ಪತ್ರಿಕೆಗೆ ಬರೆದ. ಮನುಷ್ಯರ ಸರದಿಯ ಅತ್ಯಂತ ಕೆಟ್ಟ ಘಟನೆ ನಡೆದದ್ದು 1996ರಲ್ಲಿ, ಬ್ರೆಜಿಲ್‌ನ ಕರುವಾರು ಎಂಬ ಊರಿನಲ್ಲಿ. ಡಯಾಲಿಸಿಸ್ ಕೇಂದ್ರಕ್ಕೆ ಬಂದ ನೀರಿನಲ್ಲಿ ಮೈಕ್ರೋಸಿಸ್ಟಿನ್ ಸೇರಿತ್ತು. ಐವತ್ತಕ್ಕೂ ಹೆಚ್ಚು ರೋಗಿಗಳು ಪ್ರಾಣ ಬಿಟ್ಟರು. ಎರಡು ವರ್ಷದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಲೀಟರಿಗೆ 1 ಮೈಕ್ರೋಗ್ರಾಂ ಎಂಬ ಮಿತಿ ಹಾಕಿತು.

ಬೆಂಗಳೂರಿನ ಕೆರೆಯ ನೀರನ್ನು ಯಾರೂ ಕುಡಿಯುವುದಿಲ್ಲವಲ್ಲ ಎನ್ನಬಹುದು. ಮೀನು ಕುಡಿಯುತ್ತದೆ, ಹಸು ಕುಡಿಯುತ್ತದೆ. ಸುತ್ತಲಿನ ಬೋರ್‌ವೆಲ್‌ಗಳಿಗೂ ಅದೇ ನೀರು ಇಂಗುತ್ತದೆ.

ಕೆರೆಯ ಕಡತ ಮೊದಲು ತೆರೆದದ್ದು ಯಶವಂತಪುರದ ಮಗ್ಗುಲಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿ. 1995ರ ಜೂನ್‌ನಲ್ಲಿ ಸ್ಯಾಂಕಿ ಕೆರೆಯ ಮೀನುಗಳು ರಾಶಿ ರಾಶಿಯಾಗಿ ಸತ್ತು ತೇಲಿದವು. ಟಿ.ವಿ. ರಾಮಚಂದ್ರ ಅವರೂ ಇದ್ದ ಗುಂಪು ನೀರು ಪರೀಕ್ಷಿಸಿ, ಒಳಬಂದ ಕೊಳಚೆಯಿಂದ ಆಮ್ಲಜನಕ ಥಟ್ಟನೆ ಕುಸಿದು ಮೀನು ಉಸಿರುಕಟ್ಟಿ ಸತ್ತಿವೆ ಎಂದು ಬರೆಯಿತು. ಅದಾದ ಮೇಲೆ ಆ ಗುಂಪು ನಗರದ ಕೆರೆಗಳನ್ನು ಬಿಟ್ಟದ್ದೇ ಇಲ್ಲ. 1998ರಿಂದ ಎರಡು ವರ್ಷಕ್ಕೊಮ್ಮೆ ‘ಲೇಕ್’ ಹೆಸರಿನ ಸಮ್ಮೇಳನ ನಡೆಸಿಕೊಂಡು ಬಂದಿದೆ, ಅಲ್ಲಿ ಶಾಲೆಯ ಮಕ್ಕಳೂ ಕೆರೆಯ ಬಗ್ಗೆ ಪ್ರಬಂಧ ಓದುತ್ತಾರೆ. ಆದರೂ ಇದು ಒಂದು ವಿಭಾಗದ, ಕೆಲವು ವಿದ್ಯಾರ್ಥಿಗಳ ಹಟದಿಂದ ನಡೆದ ಕೆಲಸ. ಪಿಎಚ್‌ಡಿ ಮುಗಿದರೆ ಒಂದು ಕೆರೆಯ ಮಾಲಿಕೆಯೂ ಮುಗಿಯಿತು ಎಂದೇ ಲೆಕ್ಕ.

ಸರ್ಕಾರದ ಕಡೆಯಿಂದ ಬಂದದ್ದು ಸಮಿತಿಗಳು. 1985ರಲ್ಲಿ ರಚನೆಯಾದ ಎನ್. ಲಕ್ಷ್ಮಣರಾವ್ ಸಮಿತಿ ನಗರದ ಕೆರೆಗಳನ್ನು ಒಡೆಯಬೇಡಿ, ಉಳಿಸಿ ಎಂದಿತು. 2001ರಲ್ಲಿ ಕೇಂದ್ರ ರಾಷ್ಟ್ರೀಯ ಕೆರೆ ಸಂರಕ್ಷಣಾ ಯೋಜನೆ ತಂದಿತು; ನಾಗವಾರ ಕೆರೆ ಅದರಡಿ ಬಂತು. ಹೆಬ್ಬಾಳ ಕೆರೆಯನ್ನು ಅದಕ್ಕೂ ಮೊದಲೇ ನಾರ್ವೆಯ ನೆರವಿನಲ್ಲಿ ಹೂಳು ತೆಗೆದು ದುರಸ್ತಿ ಮಾಡಲಾಗಿತ್ತು. 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ಹುಟ್ಟಿತು. ಆ ಪ್ರಾಧಿಕಾರ ಕೆಲವು ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟು, ಜನ ಕೋರ್ಟಿಗೆ ಹೋಗಿ, ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿ ಬಂದು, 2014ರಲ್ಲಿ ಹೊಸ ಕಾಯಿದೆಯಾಗಿ, 2018ರಲ್ಲಿ ಅದೂ ಇನ್ನೊಂದರಲ್ಲಿ ಲೀನವಾಯಿತು. ಈ ಸರಣಿಯಲ್ಲಿ ಬೇಲಿ, ನಡಿಗೆದಾರಿ, ಹೂಳು, ಒತ್ತುವರಿ ಇವುಗಳ ಮಾತು ಎಷ್ಟು ಬೇಕಾದರೂ ಸಿಗುತ್ತದೆ. ಪಾಚಿ ಸಿಗುವುದು ಅಪರೂಪ.

ಇದಕ್ಕೆ ವಿಜ್ಞಾನಿಗಳ ಅಸಡ್ಡೆ ಕಾರಣವಲ್ಲ. ಕಡಲಿಗೆ ಒಡೆಯ ಒಬ್ಬ, ಕೇಂದ್ರ ಸರ್ಕಾರ. ಕಡಲ ಮೀನಿಗೆ ರಫ್ತಿನ ಮಾರುಕಟ್ಟೆ ಇದೆ. ಯುರೋಪಿನವರು ವಿಷದ ಪರೀಕ್ಷೆಯ ಚೀಟಿ ಕೇಳುತ್ತಾರೆ, ಕೊಡಲೇಬೇಕು. ಕೆರೆಯ ನೆಲ ಒಬ್ಬರದು, ಏರಿ ಇನ್ನೊಬ್ಬರದು, ಒಳಬರುವ ಕೊಳಚೆ ಜಲಮಂಡಳಿಯದು, ಮೀನು ಮೀನುಗಾರಿಕೆ ಇಲಾಖೆಯದು, ನೀರಿನ ಪರೀಕ್ಷೆ ಮಾಲಿನ್ಯ ನಿಯಂತ್ರಣ ಮಂಡಳಿಯದು. ಜಕ್ಕೂರಿನ ಕಟ್ಲಾ ಮೀನಿಗೆ ಪರೀಕ್ಷೆಯ ಚೀಟಿ ಕೇಳುವ ಗಿರಾಕಿ ಇಲ್ಲ.

ಮಾಲಿನ್ಯ ನಿಯಂತ್ರಣ ಮಂಡಳಿ 1974ರಿಂದ ಇದೆ. ನಗರದ ನೂರಕ್ಕೂ ಹೆಚ್ಚು ಕೆರೆಗಳ ನೀರನ್ನು ಅದು ಪರೀಕ್ಷಿಸುತ್ತದೆ. ಫಲಿತಾಂಶ ಎ ಇಂದ ಇ ತನಕದ ದರ್ಜೆಯಲ್ಲಿ ಬರುತ್ತದೆ. ಮೀನು, ಹಕ್ಕಿಗಳಿಗೆ ಸಾಕು ಎನ್ನುವ ಡಿ ದರ್ಜೆಗೆ ಲೀಟರಿಗೆ 4 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕು, ಪಿಎಚ್ 6.5ರಿಂದ 8.5ರ ಒಳಗಿರಬೇಕು, ಬಿಡಿ ಅಮೋನಿಯಾ 1.2 ಮಿಲಿಗ್ರಾಂ ಮೀರಬಾರದು. ಪಾಚಿಯ ಎಣಿಕೆಗಾಗಲಿ, ಅದರ ಹಸಿರಿನ ಅಳತೆಯಾದ ಕ್ಲೋರೋಫಿಲ್‌ಗಾಗಲಿ ಈ ದರ್ಜೆಯಲ್ಲಿ ಜಾಗವಿಲ್ಲ.

ಜಾಗವಿಲ್ಲದ್ದರ ಪರಿಣಾಮ ವಿಚಿತ್ರವಾದದ್ದು. ಮಾದರಿ ತೆಗೆಯುವವರು ಬರುವುದು ಹಗಲಿನಲ್ಲಿ, ಹನ್ನೊಂದರ ಸುಮಾರಿಗೆ ಎನ್ನಿ. 300 ಮಿಲಿಲೀಟರಿನ ಗಾಜಿನ ಸೀಸೆಯನ್ನು ಗುಳ್ಳೆ ಬಾರದಂತೆ ನೀರಿನಲ್ಲಿ ಮುಳುಗಿಸಿ, ಎರಡು ರಾಸಾಯನಿಕ ಹನಿಸಿ, ಬಿರಡೆ ಒತ್ತಿ ಅಲುಗಿಸುತ್ತಾರೆ. ಆಮ್ಲಜನಕ ಹೆಚ್ಚಿದ್ದಷ್ಟೂ ಒಳಗೆ ಗಾಢ ಕಂದು ಗಸಿ ಕೂರುತ್ತದೆ. ಹಸಿರುಗಟ್ಟಿದ ಕೆರೆಯಲ್ಲಿ ಆ ಹೊತ್ತಿಗೆ ಗಸಿ ಚೆನ್ನಾಗಿ ಕಂದಾಗಿರುತ್ತದೆ, ಏಕೆಂದರೆ ಬಿಸಿಲಿನಲ್ಲಿ ಪಾಚಿ ಆಮ್ಲಜನಕ ಉಗುಳುತ್ತಲೇ ಇರುತ್ತದೆ. ಕಾಗದದ ಮೇಲೆ ಕೆರೆ ಪಾಸು. ಸೂರ್ಯ ಮುಳುಗಿದ ಮೇಲೆ ಅದೇ ಪಾಚಿ ಆಮ್ಲಜನಕ ಎಳೆದುಕೊಳ್ಳಲು ಶುರುಮಾಡುತ್ತದೆ; ಬೆಳಗಿನ ಜಾವ ನಾಲ್ಕು ಗಂಟೆಗೆ ನೀರಿನಲ್ಲಿ ಉಳಿದಿರುವುದು ಅತಿ ಕಡಿಮೆ. ಮೀನು ಸಾಯುವುದು ಆ ಹೊತ್ತಿಗೆ. ಮಧ್ಯಾಹ್ನ ಪಾಚಿ ಇಂಗಾಲದ ಡೈಆಕ್ಸೈಡ್ ಹೀರಿ ಪಿಎಚ್ 9 ದಾಟಿಸಿದರೆ ನೀರಿನಲ್ಲಿದ್ದ ಅಮೋನಿಯಂ ಬಿಡಿ ಅಮೋನಿಯಾ ಆಗಿ ಕಿವಿರು ಸುಡುತ್ತದೆ. ದಿನಕ್ಕೊಂದು ಸೀಸೆಯ ಲೆಕ್ಕದಲ್ಲಿ ಇವೆಲ್ಲ ಸಿಗುವುದಿಲ್ಲ. ತಿಂಗಳಿಗೊಂದು ಸೀಸೆಯಲ್ಲಂತೂ ಇನ್ನೂ ದೂರ.

ಪಾಚಿ ಎಣಿಸುವುದು ದುಬಾರಿಯೂ ಅಲ್ಲ. ಸಣ್ಣ ಬಲೆಯಲ್ಲಿ ನೀರು ಸೋಸಿ, ಅಯೋಡಿನ್ ಹನಿಸಿ, ಒಂದು ಮಿಲಿಲೀಟರ್ ಹಿಡಿಯುವ ಸೆಜ್‌ವಿಕ್-ರಾಫ್ಟರ್ ಎಂಬ ಗಾಜಿನ ತಟ್ಟೆಗೆ ಹಾಕಿದರೆ ಸಾಕು. 50 ಮಿಲಿಮೀಟರ್ ಉದ್ದ, 20 ಅಗಲ, 1 ಆಳ. ತಳದಲ್ಲಿ ಸಾವಿರ ಚೌಕ ಗೀಚಿರುತ್ತದೆ. ಸೂಕ್ಷ್ಮದರ್ಶಕದಡಿ ಚೌಕ ಚೌಕ ಎಣಿಸುತ್ತ ಹೋಗಬೇಕು. ಬೇಕಾದದ್ದು ಕೂತು ಎಣಿಸುವ ಮನುಷ್ಯ, ಪ್ರತಿ ವಾರ, ವರ್ಷಗಟ್ಟಲೆ.

ಮೇಲಿಂದ ನೋಡುವ ಕಣ್ಣಿನ ಮಾತೂ ಇಲ್ಲಿ ಬರಬೇಕು, ಏಕೆಂದರೆ ಅದೂ ಈ ದಿಕ್ಕಿನದೇ. ಇಸ್ರೊದ ಕೇಂದ್ರ ಕಚೇರಿ ಅಂತರಿಕ್ಷ ಭವನ ಇರುವುದು ನ್ಯೂ ಬಿಇಎಲ್ ರಸ್ತೆಯಲ್ಲಿ, ಹೆಬ್ಬಾಳ ಕೆರೆಯಿಂದ ಆಟೊದಲ್ಲಿ ಹೋಗುವಷ್ಟು ದೂರ. 1999ರ ಮೇ 26ರಂದು ಹಾರಿದ ಓಷನ್‌ಸ್ಯಾಟ್-1 ಕಡಲ ಬಣ್ಣ ನೋಡಿ ಪಾಚಿಯ ಪ್ರಮಾಣ ಹೇಳಬಲ್ಲ ಕ್ಯಾಮೆರಾ ಹೊತ್ತಿತ್ತು. 2009ರಲ್ಲಿ ಎರಡನೆಯದು, 2022ರ ನವೆಂಬರಿನಲ್ಲಿ ಮೂರನೆಯದು ಹೋಯಿತು. ಅವುಗಳ ಚಿತ್ರದಲ್ಲಿ ಒಂದು ಚುಕ್ಕೆ ನೆಲದ ಮೇಲೆ ಸುಮಾರು 360 ಮೀಟರ್ ಅಗಲ. ಅರಬ್ಬೀ ಸಮುದ್ರಕ್ಕೆ ಧಾರಾಳವಾಗಿ ಸಾಕು. 160 ಎಕರೆಯ ಜಕ್ಕೂರು ಕೆರೆ ಅದರಲ್ಲಿ ಐದು ಚುಕ್ಕೆ. ದಡದ ಮಣ್ಣು, ಮರ, ಅಪಾರ್ಟ್‌ಮೆಂಟ್ ಬೆರೆತ ಚುಕ್ಕೆಗಳನ್ನು ಕಳೆದರೆ ಒಂದೋ ಎರಡೋ. ಈಗ 10 ಮೀಟರಿನ ಚುಕ್ಕೆ ಕೊಡುವ ಯುರೋಪಿನ ಸೆಂಟಿನೆಲ್ ಉಪಗ್ರಹದ ಚಿತ್ರ ಪುಕ್ಕಟೆ ಸಿಗುತ್ತದೆ. ಕಾಣಿಸದು ಎನ್ನುವ ನೆಪ 2015ಕ್ಕೇ ಮುಗಿಯಿತು.

ಯಲಹಂಕದಲ್ಲಿ ಇನ್ನೊಂದು ಸಂಸ್ಥೆ ಇದೆ, ನಿವೇದಿ ಎಂದು ಕರೆಯುವ ರಾಷ್ಟ್ರೀಯ ಪಶು ಸಾಂಕ್ರಾಮಿಕ ರೋಗ ಸಂಸ್ಥೆ. 1987ರಲ್ಲಿ ಒಂದು ಸಣ್ಣ ಸಮನ್ವಯ ಯೋಜನೆಯಾಗಿ ಶುರುವಾಗಿ, 2013ರಲ್ಲಿ ಈಗಿನ ಹೆಸರು ಪಡೆಯಿತು. ನೆರಡಿ, ಗಳಲೆ, ಚಪ್ಪೆರೋಗ, ಕಾಲುಬಾಯಿ ಬೇನೆ ಯಾವ ಜಿಲ್ಲೆಯಲ್ಲಿ ಬರುವ ಸಂಭವ ಎಷ್ಟು ಎಂದು ಹಳೆಯ ದಾಖಲೆ, ಮಳೆ, ಬಿಸಿಲು ಕೂಡಿಸಿ ಪ್ರತಿ ತಿಂಗಳು ಮುನ್ಸೂಚನೆ ಕೊಡುತ್ತದೆ. ಹಳೆಯ ದಾಖಲೆ ಎನ್ನುವುದನ್ನು ಒತ್ತಿ ಓದಬೇಕು. ಲೆಕ್ಕ ಹಾಕುವ ಜಾಣ್ಮೆ ಯಲಹಂಕದಲ್ಲೇ ಇದೆ, ಪಾಚಿಯ ಮಟ್ಟಿಗೆ ಲೆಕ್ಕಕ್ಕೆ ಹಾಕಲು ಅಂಕಿಯಿಲ್ಲ.

ಜಕ್ಕೂರು ಕೆರೆ ಮಾತ್ರ ಸ್ವಲ್ಪ ಬೇರೆ ಕಥೆ. ಜಲಮಂಡಳಿಯ ಶುದ್ಧೀಕರಣ ಘಟಕದಿಂದ ಬಂದ ನೀರು ಅಲ್ಲಿ ನೇರವಾಗಿ ಕೆರೆಗೆ ಬೀಳುವುದಿಲ್ಲ. ಮೊದಲು ಜೊಂಡು ತುಂಬಿದ ಜವುಗಿನ ಮೂಲಕ ಹಾದು ಬರುತ್ತದೆ. ಪಾಚಿ ಒಂದಿಷ್ಟು ಗೊಬ್ಬರ ಎಳೆದುಕೊಳ್ಳುತ್ತದೆ, ಜೊಂಡು ಇನ್ನೊಂದಿಷ್ಟು, ಉಳಿದದ್ದು ಮೀನಿನ ಪಾಲು. ವಿಜ್ಞಾನ ಸಂಸ್ಥೆಯ ತಂಡ 2014ರಲ್ಲಿ ಇದನ್ನು ಅಳೆದು, ನಗರದ ಉಳಿದ ಕೆರೆಗಳಿಗೂ ಇದೇ ದಾರಿ ಎಂದು ಬರೆಯಿತು. ಪಕ್ಕದಲ್ಲೇ ಇರುವ ಏಟ್ರೀ ಎಂಬ ಪರಿಸರ ಅಧ್ಯಯನ ಸಂಸ್ಥೆಯ ಸಂಶೋಧಕರೂ ಊರಿನವರ ಟ್ರಸ್ಟ್ ‘ಜಲಪೋಷಣ್’ ಕೂಡ ಈ ಕೆರೆಯ ಮೇಲೆ ಕಣ್ಣಿಟ್ಟವರೇ. ಪಾಚಿಯನ್ನು ಶತ್ರು ಎನ್ನುವ ಬದಲು ಕೂಲಿಯಾಳಿನ ಹಾಗೆ ದುಡಿಸಿಕೊಂಡ ಕೆರೆ ಇದು. ಆಳು ಒಂದು ದಿನ ಮುನಿದರೆ ತಿಳಿಯುವುದು ಹೇಗೆ ಎಂಬ ಪ್ರಶ್ನೆ ಇಲ್ಲಿಯೂ ಉಳಿದಿದೆ.

ಅಮೆರಿಕದ ದಾರಿಯೂ ಹೀಗೇ ಇತ್ತು ಎಂಬುದು ಒಂದು ಸಮಾಧಾನ. 1993ರ ಅವರ ಯೋಜನೆ ಕಡಲಿನದು, 1998ರ ಕಾಯಿದೆ ಬಹುಮಟ್ಟಿಗೆ ಕಡಲಿನದು. 2004ರ ತಿದ್ದುಪಡಿಯಲ್ಲಿ ಸರೋವರಗಳು ಒಳಗೆ ಬಂದವು. ಅದಾಗಿ ಹತ್ತು ವರ್ಷಕ್ಕೆ, 2014ರ ಆಗಸ್ಟ್‌ನಲ್ಲಿ, ಈರಿ ಸರೋವರದ ಮೈಕ್ರೋಸಿಸ್ಟಿಸ್ ಟೊಲೀಡೊ ನಗರದ ನಲ್ಲಿಗೇ ಬಂದು ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಮೂರು ದಿನ ನಲ್ಲಿನೀರು ಮುಟ್ಟದಂತಾಯಿತು. ಅಲ್ಲಿ ವಿಷ ಅಳೆಯುವವರಿದ್ದರು, ಆದ್ದರಿಂದ ನಲ್ಲಿ ಬಂದ್ ಮಾಡಿ ಎಂದು ಹೇಳಲಾಯಿತು.

ಮಂಗಳೂರಿನ ಕಾಲೇಜು ಈಗ ಹೆಬ್ಬಾಳದ್ದಲ್ಲ. 2005ರಲ್ಲಿ ಅದು, ಹೆಬ್ಬಾಳದ ಪಶುವೈದ್ಯ ಕಾಲೇಜಿನ ಜೊತೆಗೇ, ಬೀದರಿನ ಹೊಸ ವಿಶ್ವವಿದ್ಯಾಲಯಕ್ಕೆ ಸೇರಿತು. ಮೀನು, ದನ, ಬೆಳೆ ಮೂರನ್ನೂ ಒಂದೇ ಸೂರಿನಡಿ ಕೂಡಿಸಿದ್ದ 1969ರ ಲೆಕ್ಕಾಚಾರ ಅಲ್ಲಿಗೆ ಮುಗಿಯಿತು. ಹೆಸರಘಟ್ಟದ ಕೆರೆಯ ಬಳಿ ಕೇಂದ್ರೀಯ ಒಳನಾಡು ಮೀನುಗಾರಿಕೆ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಇದೆ. ಅದು ದೆಹಲಿಯ ಕೃಷಿ ಅನುಸಂಧಾನ ಪರಿಷತ್ತಿನದು. ಉತ್ತರ ಬೆಂಗಳೂರಿನ ಹತ್ತು ಹದಿನೈದು ಕಿಲೋಮೀಟರಿನೊಳಗೆ ಉಪಗ್ರಹದವರು, ಪಾಚಿಯವರು, ಮೀನಿನವರು, ದನದವರು, ಮುನ್ಸೂಚನೆಯವರು ಎಲ್ಲ ಇದ್ದಾರೆ. ಕುಂಬಳೆಯಲ್ಲಿ ಆದ ಹಾಗೆ ಅವರನ್ನು ಒಂದೇ ನೀರಿಗೆ ಇಳಿಸಿದ ಸಂದರ್ಭ ಇನ್ನೂ ಬಂದಿಲ್ಲ. ಅಂಥ ಸಂದರ್ಭಕ್ಕೆ ಸಾವೇ ಬೇಕೆಂದಿಲ್ಲ.

ಇಷ್ಟರಲ್ಲಿ ಹೆಬ್ಬಾಳದ ನೀರು ಹೆಬ್ಬಾಳ ಬಿಟ್ಟು ಹೊರಟಿದೆ. ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ ದಿನಕ್ಕೆ 210 ದಶಲಕ್ಷ ಲೀಟರ್ ಸಂಸ್ಕರಿಸಿದ ನೀರನ್ನು ಕೊಳವೆಯಲ್ಲಿ ಎತ್ತಿ ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರದ ಕಡೆಯ 65 ಕೆರೆ ತುಂಬಿಸುವ ಲೆಕ್ಕ. ಎರಡನೆಯ ಹಂತದ ಸಂಸ್ಕರಣೆ ಕೊಳೆಯನ್ನು ಬಹುಪಾಲು ತೆಗೆಯುತ್ತದೆ, ರಂಜಕ ಮತ್ತು ಸಾರಜನಕದ ದೊಡ್ಡ ಪಾಲನ್ನು ಬಿಡುತ್ತದೆ. ವರ್ಷಗಟ್ಟಲೆ ಒಣಗಿ ಬಿರುಕುಬಿಟ್ಟಿದ್ದ ಕೆರೆಗಳಲ್ಲಿ ಈಗ ನೀರು ನಿಂತಿದೆ, ಬತ್ತಿದ ಬೋರ್‌ವೆಲ್‌ಗೆ ಜೀವ ಬಂದೀತೆಂದು ರೈತರು ಕಾದಿದ್ದಾರೆ. ಅವರ ಆಸೆಯನ್ನು ಯಾರೂ ತಪ್ಪೆನ್ನಲಾರರು. ನೀರು ನಿಂತಲ್ಲಿ ಮೀನಿನ ಮರಿ ಬಿಡುವವರೂ ಬರುತ್ತಾರೆ. ಕೆರೆಯ ಗುತ್ತಿಗೆ ಹಿಡಿದವರು ಬೇಸಿಗೆಯಲ್ಲಿ ಬೆಳಗಿನ ಜಾವ ಐದಕ್ಕೇ ಏರಿಯ ಮೇಲೆ ಬಂದು ನಿಲ್ಲುತ್ತಾರೆ. ಕೈಯಲ್ಲಿ ಸೀಸೆಯಿಲ್ಲ, ತಟ್ಟೆಯಿಲ್ಲ. ಮೀನು ಮೇಲೆ ಬಂದು ಬಾಯಿ ಬಿಡುತ್ತಿದೆಯೇ ಎಂದು ಟಾರ್ಚ್ ಹಾಕಿ ನೋಡುತ್ತಾರೆ.